ಉಕ್ಕೋ ಅಲ್ಯೂಮಿನಿಯಮ್ಮೋ

ಜೂನ್ 3, ಸೋಮವಾರ

ಲೆನ್ಸ್ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಐದು ತಿಂಗಳು ಅಂಗಡಿಯ ಡ್ರಾಯರಿನಲ್ಲಿ ಖಾಲಿ ಬಿದ್ದಿತ್ತು. ಇವತ್ತು ಮನೆಗೆ ತಂದೆ. ಸೈಕಲ್ ಕೊಳ್ಳುವ ವಿಚಾರವನ್ನು ಇದರಲ್ಲಿ ಬರೆದಿಡುತ್ತೇನೆ. ಬೇರೇನೂ ಬರೆಯುವುದಿಲ್ಲ.

ಬೈಕು ಮಾರಿಯಾಯಿತು. ಹೊನ್ನವಳ್ಳಿಯಿಂದ ತಿಪಟೂರಿಗೆ ಬಸ್ಸಿಲ್ಲವೆಂದಲ್ಲ. ಒಂದು ಬಸ್ಸು ಅಂಗಡಿ ತೆಗೆಯುವ ಒಂದು ಗಂಟೆ ಮೊದಲೇ ಇಳಿಸುತ್ತದೆ, ಇನ್ನೊಂದು ಅರ್ಧ ಗಂಟೆ ತಡವಾಗಿ. ಹಾಗಾಗಿ ಸೈಕಲ್ಲು. ಕೇಳಿದವರಿಗೆಲ್ಲ, ಶುಗರ್ ಇದೆ, ಸೈಕಲ್ ತುಳಿಯಿರಿ ಎಂದು ಡಾಕ್ಟರು ಹೇಳಿದ್ದಾರೆ ಎಂದಿದ್ದೇನೆ. ಡಾಕ್ಟರು ಹೇಳಿಲ್ಲ. ಆದರೆ ಕೇಳಿದರೆ ಹೇಳುತ್ತಿದ್ದರು.

ಕನ್ನಡಕದ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಲೆನ್ಸ್ ಉಜ್ಜಿ ಕೂರಿಸುವ ಕೆಲಸ ನನ್ನದು. "ಯಾವ ಫ್ರೇಮು ಒಳ್ಳೇದು?" ಎಂದು ದಿನಕ್ಕೆ ಹತ್ತು ಜನ ಕೇಳುತ್ತಾರೆ. ಮುಖ ನೋಡಿ, ಏನು ಕೆಲಸ ಎಂದು ಕೇಳಿ, ಎರಡು ನಿಮಿಷದಲ್ಲಿ ಹೇಳಿಬಿಡುತ್ತೇನೆ. ಕಾಯಿ ಸುಲಿಯುವವರಿಗೆ ಬೆವರು ಜಾಸ್ತಿ, ಲೋಹದ ಫ್ರೇಮು ಕೆನ್ನೆಯ ಮೇಲೆ ಹಸಿರು ಕಲೆ ಬಿಡುತ್ತದೆ, ಗಟ್ಟಿ ಪ್ಲಾಸ್ಟಿಕ್ ತಗೊಳ್ಳಿ ಎನ್ನುತ್ತೇನೆ. ಮೇಷ್ಟ್ರುಗಳಿಗೆ ಹಗುರದ್ದು. ಹೀಗೆ. ಆದರೆ ಸೈಕಲ್ಲಿನ ಫ್ರೇಮು ಯಾವುದಿರಬೇಕು ಎಂದು ಎರಡು ವಾರದಿಂದ ಯೋಚಿಸುತ್ತಿದ್ದೇನೆ. ತೀರ್ಮಾನಕ್ಕೆ ಬಂದಿಲ್ಲ.

ಜೂನ್ 7, ಶುಕ್ರವಾರ

ಸಂಜೆ ಕಲ್ಲೇಶನ ಸೈಕಲ್ ಅಂಗಡಿಗೆ ಹೋಗಿದ್ದೆ. ನಮ್ಮ ಅಂಗಡಿಯಿಂದ ಎರಡು ರಸ್ತೆ ಆಚೆ. ಮೂವತ್ತೈದರ ಆಸುಪಾಸಿನವನು, ಮಾತು ಜಾಸ್ತಿ, ಕೈ ಅದಕ್ಕಿಂತ ಚುರುಕು. ಉಕ್ಕಿನ ಸೈಕಲ್ಲೊಂದು, ಅಲ್ಯೂಮಿನಿಯಂ ಸೈಕಲ್ಲೊಂದು ಪಕ್ಕಪಕ್ಕ ನಿಲ್ಲಿಸಿ, "ಎತ್ತಿ ನೋಡಣ್ಣ" ಎಂದ. ಅಲ್ಯೂಮಿನಿಯಮ್ಮಿನದು ಒಂದೇ ಕೈಯಲ್ಲಿ ಎದ್ದಿತು. ಉಕ್ಕಿನದಕ್ಕೆ ಎರಡೂ ಕೈ ಬೇಕಾಯಿತು.

"ಇದ್ರಲ್ಲಿ ಯೋಚ್ನೆ ಮಾಡಾಕೆ ಏನೈತಣ್ಣ?"

ಇದೆ ಎಂದೆ. ಎರಡರ ತೂಕವನ್ನೂ ಚೀಟಿಯಲ್ಲಿ ಬರೆದುಕೊಂಡು ಬಂದೆ.

ಹೆಂಡತಿ ರಾಧಾಮಣಿಯೂ ಇವತ್ತು ತಿಪಟೂರಿಗೆ ಬಂದಿದ್ದಳು. ಮಂಗಳವಾರ, ಶುಕ್ರವಾರ ಆಸ್ಪತ್ರೆಯಲ್ಲಿ ಅವಳಿಗೆ ಕೈಯ ವ್ಯಾಯಾಮ ಮಾಡಿಸುವ ದಿನ. ತಡವಾಗಿ ಬರುವ ಬಸ್ಸಿಗೆ ಬಂದು, ಮಧ್ಯಾಹ್ನದ ಬಸ್ಸಿಗೆ ಒಬ್ಬಳೇ ಹೋಗುತ್ತಾಳೆ.

ಜೂನ್ 9, ಭಾನುವಾರ

ಎದುರು ಮನೆಯ ಪುಟ್ಟಗಂಗಮ್ಮನವರು ಬಂದು ಕೂತಿದ್ದರು. ರಾಧಾಮಣಿಯ ಬಲಗೈ ಹಿಡಿದು ತಿರುಗಿಸಿ, ಮಣಿಕಟ್ಟಿನ ಮೇಲೆ ಹೊಲಿಗೆ ಹಾಕಿದ ಗುರುತು ನೋಡಿದರು. ಪ್ಲಾಸ್ಟರ್ ಬಿಚ್ಚಿ ಮೂರು ವಾರವಾಯಿತು. ಮೂಳೆ ಕೂಡಿದೆ, ಆದರೆ ಬೆರಳು ಮಡಿಸಿದರೆ ಮುಷ್ಟಿಯಾಗುವುದಿಲ್ಲ. ಲೋಟ ಹಿಡಿದರೆ ಜಾರುತ್ತದೆ.

"ಕತ್ರಿ ಹಿಡಿಯಾಕೆ ಯಾವಾಗ ಆಯ್ತದಮ್ಮಾ? ನಮ್ ಹುಡ್ಗಿ ಮದ್ವೆ ಬ್ಲೌಸೆಲ್ಲ ತಿಪಟೂರಲ್ಲಿ ಕೊಟ್ಟು ಹಾಳ್ ಮಾಡ್ಕೊಂಡೊ. ನೀನ್ ಹೊಲ್ದಂಗೆ ಬರಲ್ಲ ಬುಡು."

"ನೋಡೋಣ ಅತ್ತೆ" ಎಂದಳು ರಾಧಾಮಣಿ. ಹೊಲಿಗೆ ಯಂತ್ರದ ಮೇಲೆ ಏಪ್ರಿಲ್‌ನಿಂದ ಬಟ್ಟೆ ಮುಚ್ಚಿದೆ.

ಆಮೇಲೆ ಪುಟ್ಟಗಂಗಮ್ಮನವರು ನನ್ನನ್ನು ಕೇಳಿದರು, ಅವತ್ತು ನಿಜವಾಗಿ ಆಗಿದ್ದೇನು ಅಂತ. ಎಷ್ಟು ಜನಕ್ಕೆ ಹೇಳಿದ್ದೇನೋ. ಏಪ್ರಿಲ್ ಹದಿನಾರು, ಮದುವೆ ಸೀಸನ್ನಿನ ಬ್ಲೌಸುಗಳಿಗೆ ಲೈನಿಂಗ್ ಬಟ್ಟೆ ತರಲು ಇಬ್ಬರೂ ಬೈಕಿನಲ್ಲಿ ಹೊರಟಿದ್ದೆವು. ಮಾವಿನ ತೋಪಿನ ತಿರುವಿನಲ್ಲಿ ನಾಯಿ ಅಡ್ಡ ಬಂತು. ಬ್ರೇಕ್ ಹಾಕಿದೆ. ರಸ್ತೆಯ ಅಂಚಿನಲ್ಲಿ ಜಲ್ಲಿಪುಡಿ ಇತ್ತು, ಜಾರಿದೆವು. ನನಗೆ ಮೊಣಕಾಲು ತರಚಿತು. ಅವಳು ಬಲಗೈ ಊರಿ ಬಿದ್ದಳು.

ನಾನು ಹೇಳುವಾಗ ರಾಧಾಮಣಿ ಎಡಗೈಯಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

ಸೈಕಲ್ ವಿಚಾರ ಬಿಟ್ಟು ಬೇರೆಯದನ್ನೇ ಬರೆದೆ. ಇರಲಿ.

ಜೂನ್ 18, ಮಂಗಳವಾರ

ಇಲ್ಲಿಯವರೆಗೆ ತಿಳಿದದ್ದು ಇಷ್ಟು. ಉಕ್ಕು ಭಾರ, ತುಕ್ಕು ಹಿಡಿಯುತ್ತದೆ, ಆದರೆ ಎಂಥ ಊರಿನಲ್ಲೂ ಬೆಸುಗೆ ಹಾಕಬಹುದು. ಅಲ್ಯೂಮಿನಿಯಂ ಹಗುರ, ತುಕ್ಕಿಲ್ಲ, ತುಳಿದ ಬಲವೆಲ್ಲ ಚಕ್ರಕ್ಕೆ ಹೋಗುತ್ತದೆ, ಆದರೆ ರಸ್ತೆಯ ಕುಲುಕಾಟ ಮೈಗೆ ಬಡಿಯುತ್ತದೆ, ಮುರಿದರೆ ಸರಿಮಾಡುವವರು ತಿಪಟೂರಿನಲ್ಲಿ ಇಲ್ಲ. ಕಾರ್ಬನ್ ಎಲ್ಲಕ್ಕಿಂತ ಹಗುರವಂತೆ, ಆದರೆ ಒಳಗೇ ಬಿರುಕು ಬಿಟ್ಟಿದ್ದರೆ ಹೊರಗೆ ಕಾಣುವುದಿಲ್ಲವಂತೆ. ಬೇಡ. ಟೈಟಾನಿಯಂ ಫ್ರೇಮಿನ ಕನ್ನಡಕ ನಾನೇ ಎಷ್ಟೋ ಜನಕ್ಕೆ ಕೂರಿಸಿಕೊಟ್ಟಿದ್ದೇನೆ, ಅದಕ್ಕೆ ಸಮ ಇನ್ನೊಂದಿಲ್ಲ. ಸೈಕಲ್ಲಿನಲ್ಲಿ ಅದನ್ನು ನಮ್ಮಂಥವರು ಕೇಳುವ ಹಾಗೇ ಇಲ್ಲ.

ಇವತ್ತು ಬೆಳಿಗ್ಗೆ ರಾಧಾಮಣಿಯ ಜಡೆ ನಾನು ಹೆಣೆದೆ. ಒಂದು ಕೈಯಲ್ಲಿ ಅವಳಿಗೆ ಆಗುವುದಿಲ್ಲ. ಇಷ್ಟು ದಿನ ಪುಟ್ಟಗಂಗಮ್ಮನವರು ಬಂದು ಹೆಣೆಯುತ್ತಿದ್ದರು, ಅವರು ಕಂದಿಕೆರೆಗೆ ಮಗಳ ಮನೆಗೆ ಹೋಗಿದ್ದಾರೆ. ಕೂದಲಿನಷ್ಟು ಸಣ್ಣ ಸ್ಕ್ರೂ ತಿರುಗಿಸುವ ಕೈ ನನ್ನದು, ಆದರೂ ಮೂರು ಎಳೆ ಸಮ ಬರಲಿಲ್ಲ. ಅವಳು ಕನ್ನಡಿಯಲ್ಲಿ ನೋಡಿ, "ಹೂವ ಸಿಗಿಸಿ, ಬಸ್ಸಿಗೆ ಹೊತ್ತಾಯ್ತು" ಎಂದಳಷ್ಟೇ.

ಜೂನ್ 26, ಬುಧವಾರ

ಕಲ್ಲೇಶ್ ಉಕ್ಕಿನ ಸೈಕಲ್ಲನ್ನು ಒಂದು ವಾರಕ್ಕೆ ಕೊಟ್ಟಿದ್ದಾನೆ. "ಬರ್ಕೊಂಡಿದ್ದು ಸಾಕು, ತುಳ್ದು ನೋಡು" ಎಂದ.

ಇಪ್ಪತ್ತು ವರ್ಷದ ಮೇಲೆ ಸೈಕಲ್ ಹತ್ತಿದ್ದು. ಮೊದಲ ದಿನ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಎರಡನೆಯ ದಿನ ಒಂದು ಗಂಟೆ. ತೆಂಗಿನ ತೋಟಗಳ ನಡುವೆ ಬೆಳಗಿನ ಗಾಳಿ ತಂಪಾಗಿರುತ್ತದೆ. ಬೈಕಿನಲ್ಲಿ ಇದು ಗೊತ್ತಾಗುತ್ತಿರಲಿಲ್ಲ. ಮಾವಿನ ತೋಪಿನ ತಿರುವಿನಲ್ಲಿ ಇಳಿದು ತಳ್ಳಿಕೊಂಡು ಹೋದೆ, ಸ್ವಲ್ಪ ಏರು ಇದೆ.

ವಾಪಸು ಬರುವಾಗಲೂ ಅಲ್ಲಿ ಇಳಿದೆ. ಬರುವಾಗ ಅದು ಇಳಿಜಾರು. ಆದರೆ ಬೆಳಕು ಕಡಿಮೆ ಇತ್ತು.

ಜುಲೈ 5, ಶುಕ್ರವಾರ

ಈ ವಾರ ಅಲ್ಯೂಮಿನಿಯಂ. ನಲವತ್ತೈದು ನಿಮಿಷಕ್ಕೆ ಅಂಗಡಿಯಲ್ಲಿದ್ದೆ. ಏರಿನಲ್ಲಿ ಉಸಿರು ಹಿಡಿಯುವುದಿಲ್ಲ. ಇದೇ ಇರಲಿ ಎಂದು ಸೋಮವಾರವೇ ಅನ್ನಿಸಿತ್ತು.

ಆದರೆ ಮೂರನೆಯ ದಿನದಿಂದ ಮಣಿಕಟ್ಟು ನೋಯಲು ಶುರುವಾಯಿತು. ರಸ್ತೆಯ ಒಂದೊಂದು ಕಲ್ಲೂ ಹ್ಯಾಂಡಲ್ಲಿನಿಂದ ಕೈಗೆ ಹತ್ತುತ್ತದೆ. ಇವತ್ತು ಅಂಗಡಿಯಲ್ಲಿ ಸ್ಕ್ರೂಡ್ರೈವರ್ ಹಿಡಿದರೆ ಬೆರಳು ಜುಮ್ಮೆನ್ನುತ್ತಿತ್ತು. ಕನ್ನಡಕದ ಕಡ್ಡಿಯ ಸ್ಕ್ರೂ ಎರಡು ಸಲ ಕೆಳಗೆ ಬಿತ್ತು. ಹುಡುಕಲು ನೆಲದ ಮೇಲೆ ಮಂಡಿಯೂರಿ ಕೂತೆ. ಮಾಲೀಕರು ಮೋಹನ್ ಕುಮಾರ್, "ಏನ್ರೀ ದಯಾನಂದ್, ಕೈ ನಡುಗ್ತಿದೆ?" ಎಂದರು. ಬೆಳಿಗ್ಗೆ ತಿಂಡಿ ತಿಂದಿಲ್ಲ ಎಂದೆ.

ಐದು ದಿನ ತುಳಿದದ್ದಕ್ಕೇ ನನಗೆ ಹೀಗೆ.

ಮನೆಗೆ ಬಂದು ರಾಧಾಮಣಿಗೆ ಬೆರಳಿನ ವ್ಯಾಯಾಮ ಮಾಡಿಸಿದೆ. ಒಂದೊಂದು ಬೆರಳನ್ನೂ ಹತ್ತು ಸಲ ಮಡಿಸಿ ಬಿಡಬೇಕು. ಇಷ್ಟು ದಿನ ಅವಳೇ ಎಡಗೈಯಲ್ಲಿ ಮಾಡಿಕೊಳ್ಳುತ್ತಿದ್ದಳು. ಉಂಗುರದ ಬೆರಳು ಮಡಿಸುವಾಗ ಕಣ್ಣು ಮುಚ್ಚಿಕೊಂಡಳು. ನಿಲ್ಲಿಸಲೇ ಎಂದೆ. "ಮಾಡಿ. ನಿಲ್ಸಿದ್ರೆ ನಾಳೆ ಇನ್ನೂ ಗಟ್ಟಿ ಆಯ್ತದೆ" ಎಂದಳು.

ಅಲ್ಯೂಮಿನಿಯಂ ಬಗ್ಗೆ ಇನ್ನೂ ಯೋಚಿಸಬೇಕು. ದಪ್ಪ ಟೈರು ಹಾಕಿಸಿದರೆ ಕುಲುಕಾಟ ಕಡಿಮೆಯಾಗಬಹುದು.

ಜುಲೈ 14, ಭಾನುವಾರ

ರಾಧಾಮಣಿಯ ಅಣ್ಣ ಬಸವರಾಜು ಶೆಟ್ಟಿಕೆರೆಯಿಂದ ಬಂದಿದ್ದರು. ಎರಡು ಗೊನೆ ಎಳನೀರು, ಮನೆಯ ತುಪ್ಪ ತಂದಿದ್ದರು. ತಂಗಿಯ ಕೈಯನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು ಒಂದೊಂದು ಬೆರಳನ್ನೂ ನೋಡಿದರು.

ಊಟವಾದ ಮೇಲೆ ನಡುಮನೆಯಲ್ಲಿ ಕೂತು ಕೇಳಿದರು:

"ಭಾವ, ಆ ತಿರುವಲ್ಲೇ ಬಂದೆ ಇವತ್ತು. ಗಾಡಿ ನಿಲ್ಸಿ ನೋಡ್ದೆ. ಎರಡೂ ಕಡೆ ಮುಳ್ತಂತಿ ಬೇಲಿ ಬಿಗಿದವ್ರೆ. ನಾಯಿ ನುಗ್ಗಾಕೆ ಜಾಗ ಎಲ್ಲೈತೆ?"

ನಾನು ಲೋಟ ಕೆಳಗಿಟ್ಟೆ. ಏನಾದರೂ ಹೇಳಬೇಕಿತ್ತು.

ಅಡುಗೆಮನೆಯ ಬಾಗಿಲಿನಿಂದ ರಾಧಾಮಣಿ ಹೇಳಿದಳು, "ತಂತಿ ಕೆಳ್ಗಿಂದ ನುಸುಳ್ತು ಕಣಣ್ಣಾ. ಕೆಂದ ನಾಯಿ. ಬಾಲದ ತುದಿ ಬೆಳ್ಳಗಿತ್ತು. ಅದನ್ನ ಉಳ್ಸಾಕೋಗಿ ಇವ್ರು ಬ್ರೇಕ್ ಹಾಕಿದ್ರು."

"ಸರಿ ಬುಡು, ಮೂಕಪ್ರಾಣಿ" ಎಂದರು ಬಸವರಾಜು. ಆಮೇಲೆ ಕೊಬ್ಬರಿ ರೇಟಿನ ಮಾತು ಬಂತು.

ಜುಲೈ 15, ಸೋಮವಾರ

ಕೆಂದ ನಾಯಿ. ಬಾಲದ ತುದಿ ಬೆಳ್ಳಗೆ.

ಸೈಕಲ್ ವಿಚಾರ ಏನಿಲ್ಲ.

ಜುಲೈ 16, ಮಂಗಳವಾರ

ನಾಯಿ ಇರಲಿಲ್ಲ.

ಈ ಡೈರಿಯನ್ನು ನಾನೊಬ್ಬನೇ ಓದುವುದು. ಇದರಲ್ಲೂ ನಾಯಿ ಎಂದು ಬರೆದಿದ್ದೇನೆ. ಜೂನ್ ಒಂಬತ್ತರ ಪುಟ ತೆಗೆದು ನೋಡಿದೆ, ಜಲ್ಲಿಪುಡಿಯನ್ನೂ ಸೇರಿಸಿ ಚೆನ್ನಾಗಿ ಬರೆದಿದ್ದೇನೆ.

ಆದದ್ದು ಇದು. ಮಾಲೀಕರು ಹೊಸ ಕನ್ನಡಕ ಫ್ರೇಮುಗಳ ಫೋಟೋ ಕಳಿಸಿದ್ದರು. ಫೋನು ಶರ್ಟಿನ ಜೇಬಿನಲ್ಲಿ ಕುಯ್ ಎಂದಿತು. ಎಡಗೈಯಲ್ಲಿ ತೆಗೆದು ನೋಡಿದೆ. ಒಂದು ಫೋಟೋ ನೋಡಿ, ಬೆರಳಲ್ಲಿ ಸರಿಸಿ ಇನ್ನೊಂದು ನೋಡುವಷ್ಟರಲ್ಲಿ ತಿರುವು ಬಂತು. ಅಷ್ಟೇ. ಅರ್ಜೆಂಟೇನೂ ಇರಲಿಲ್ಲ. ಹತ್ತು ನಿಮಿಷಕ್ಕೆ ಅಂಗಡಿ ಸೇರುತ್ತಿದ್ದೆ, ಅಲ್ಲಿ ಆ ಫ್ರೇಮುಗಳೇ ಇರುತ್ತಿದ್ದವು.

ಬಿದ್ದ ಜಾಗದಲ್ಲಿ ಜನ ಸೇರಿ ಏನಾಯಿತು ಎಂದಾಗ ನಾಯಿ ಎಂದದ್ದು ನಾನೇ. ಅವಳು ಕೈ ಹಿಡಿದುಕೊಂಡು ಮಣ್ಣಿನಲ್ಲಿ ಕೂತಿದ್ದಳು. ನೋವಿನಲ್ಲಿ ಅವಳಿಗೆ ಗೊತ್ತಾಗಿಲ್ಲ ಎಂದುಕೊಂಡಿದ್ದೆ. ನನ್ನ ಬೆನ್ನಿಗೇ ಅಂಟಿ ಕೂತಿದ್ದವಳು. ಹೆಗಲ ಮೇಲಿಂದ ಎಲ್ಲ ಕಾಣುತ್ತದೆ.

ನಾಯಿಗೆ ನಾನು ಬಣ್ಣ ಕೊಟ್ಟಿರಲಿಲ್ಲ. ಅವಳು ಕೊಟ್ಟಳು.

ಜುಲೈ 24, ಬುಧವಾರ

ಒಂದು ವಾರಕ್ಕೆಂದು ತಂದು ಮೂರು ವಾರ ಇಟ್ಟುಕೊಂಡಿದ್ದ ಅಲ್ಯೂಮಿನಿಯಂ ಸೈಕಲ್ಲನ್ನು ಹಿಂದಿರುಗಿಸಲು ಹೋದೆ. ಕಲ್ಲೇಶ್ ಮುರಿದ ಎರಡು ಫ್ರೇಮುಗಳನ್ನು ಬಾಗಿಲಲ್ಲಿ ಹಾಕಿಕೊಂಡು ಕೂತಿದ್ದ.

"ಬಂದಿದ್ದು ಒಳ್ಳೇದಾಯ್ತು, ಬಾ ಇಲ್ಲಿ. ಇದು ಉಕ್ಕು. ಎರಡು ತಿಂಗ್ಳಿಂದ ಕಿರ್ ಅಂತಿತ್ತಂತೆ. ನೋಡು, ಬಿರುಕು ಬಿಟ್ಟಲ್ಲಿ ಬಣ್ಣ ಎದ್ದೈತೆ, ತುಕ್ಕು ಗೆರೆ ಕಾಣ್ತದೆ. ಬೆಸುಗೆ ಹಾಕ್ಕೊಟ್ರೆ ಇನ್ನ ಹತ್ವರ್ಸ ಓಡ್ತದೆ. ಇದು ನಿನ್ ಅಲ್ಯೂಮಿನಿಯಂ. ಸೀಟಿನ ಕೆಳಗೆ ಮುರ್ದೈತೆ. ಬಣ್ಣ ನೋಡು, ಹೊಸ್ದು ಹೊಸ್ದಂಗೆ. ಒಂದ್ ಮಾತೂ ಹೇಳ್ದಂಗೆ ಹೋಯ್ತು."

"ಯಾರಿಗಾದ್ರೂ ಪೆಟ್ಟಾಯ್ತಾ?"

"ಒಂದು ಹಲ್ಲು ಹೋಯ್ತು. ಎಲ್ಲಾ ಹಿಂಗೇ ಮುರೀತವೆ ಅನ್ನಲ್ಲ. ಆದ್ರೆ ಮುರುದ್ರೆ ನಾನೇನೂ ಮಾಡಾಕಾಗಲ್ಲ."

ಬಸ್ಸಿನಲ್ಲಿ ಮನೆಗೆ ಬಂದೆ. ಯಾವ ಫ್ರೇಮೆಂದು ಇವತ್ತು ತೀರ್ಮಾನವಾಗಬೇಕಿತ್ತು. ಬಸ್ಸಿನಲ್ಲಿ ಅದನ್ನು ಯೋಚಿಸಲೇ ಇಲ್ಲ. ಅವಳಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದೆ.

ಜುಲೈ 28, ಭಾನುವಾರ

ಹೇಳಿದೆ.

ಜಡೆ ಹೆಣೆಯುವಾಗ. ಮುಖ ಕಾಣುವುದಿಲ್ಲವೆಂದು ಆ ಹೊತ್ತನ್ನು ಆರಿಸಿಕೊಂಡೆ, ಅದೂ ಹೇಡಿತನವೇ. "ರಾಧಾ, ಅವತ್ತು ನಾನು ಫೋನ್ ನೋಡ್ತಿದ್ದೆ. ನಾಯಿ ಇರ್ಲಿಲ್ಲ" ಎಂದೆ.

"ಗೊತ್ತು" ಎಂದಳು.

ಎಳೆಗಳನ್ನು ಹಿಡಿದುಕೊಂಡೇ ನಿಂತಿದ್ದೆ. ಅವಳೇ ಮುಂದುವರಿಸಿದಳು.

"ಎಲ್ಲಾ ಕಂಡಿದ್ದೆ. ರೀ, ಮುಂದೆ ನೋಡಿ ಅಂತ ಬಾಯಿಗೆ ಬಂದಿತ್ತು. ಅಷ್ಟ್ರಲ್ಲಿ ಆಗೋಯ್ತು. ಆಸ್ಪತ್ರೇಲೇ ಕಾಯ್ತಿದ್ದೆ, ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ. ಪ್ಲಾಸ್ಟರ್ ಬಿಚ್ಚಿದ್ ದಿನ ಹೇಳ್ತಾರೆ ಅಂದ್ಕೊಂಡೆ. ನೀವು ಸೈಕಲ್ ಕತೆ ಶುರು ಮಾಡ್ಕೊಂಡ್ರಿ. ಉಕ್ಕಂತೆ, ಅಲ್ಯೂಮಿನಿಯಮ್ಮಂತೆ, ತೂಕ ಎಷ್ಟಂತೆ. ಊಟಕ್ ಕೂತ್ರೂ ಅದೇ. ನನ್ ಕೈ ಯಾರಾದ್ರೂ ಕೇಳಿದ್ರೆ ನಾಯಿ."

"ಅಣ್ಣನ ಮುಂದೆ ನೀನ್ಯಾಕೆ ಹಂಗಂದೆ ಮತ್ತೆ?"

"ನೀವು ಕೂತಿದ್ದು ನೋಡಾಕಾಗ್ಲಿಲ್ಲ. ಅಂದ್ಬುಟ್ಟೆ. ಅಂದ್ಮೇಲೆ ರಾತ್ರಿಯೆಲ್ಲ ನನ್ ಮೇಲೇ ಸಿಟ್ಟು ಬಂತು. ಮುರಿದಿರೋದು ನನ್ ಕೈ, ಸುಳ್ಳೂ ನಾನೇ ಹೇಳ್ಬೇಕಾ?"

ತಪ್ಪಾಯಿತು ಎಂದೆ. ಅದು ಎಷ್ಟು ಸಣ್ಣ ಮಾತು ಎಂದು ಆಡಿದ ಮೇಲೆ ತಿಳಿಯಿತು.

"ಜಡೆ ಮುಗ್ಸಿ" ಎಂದಳು. ಮುಗಿಸಿದೆ. ಈಚೆಗೆ ಎಳೆ ಸಮ ಬರುತ್ತವೆ.

ಜುಲೈ 30, ಮಂಗಳವಾರ

ರಾಧಾಮಣಿ ಶೆಟ್ಟಿಕೆರೆಗೆ ಹೋದಳು. ಎಷ್ಟು ದಿನ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮಗಳು ಲಿಖಿತಾ ತುಮಕೂರಿನ ಹಾಸ್ಟೆಲ್‌ನಿಂದ ಫೋನ್ ಮಾಡಿದ್ದಳು. ಅಮ್ಮ ಎಲ್ಲಿ ಎಂದಳು. ಮಾಮನ ಮನೆಗೆ ಹೋಗಿದ್ದಾಳೆ, ನನ್ನ ಮೇಲೆ ಬೇಜಾರಾಗಿದೆ ಎಂದೆ. ಯಾಕೆ ಎಂದಳು. ಹೇಳಿದೆ. "ಊಟ ಮಾಡಿದ್ರಾ ಅಪ್ಪ?" ಎಂದಳು.

ಆಗಸ್ಟ್ 1, ಗುರುವಾರ

ಹೆಣೆಯಲು ಜಡೆಯಿಲ್ಲ, ಬೆಳಿಗ್ಗೆ ಹತ್ತು ನಿಮಿಷ ಮಿಗುತ್ತದೆ. ಏನು ಮಾಡುವುದೆಂದು ತೋಚುವುದಿಲ್ಲ.

ಆಗಸ್ಟ್ 3, ಶನಿವಾರ

ಮಧ್ಯಾಹ್ನ ಅಂಗಡಿಯಿಂದ ಸೀದಾ ಕಲ್ಲೇಶನಲ್ಲಿಗೆ ಹೋಗಿ ಉಕ್ಕಿನ ಸೈಕಲ್ ಕೊಡು ಎಂದೆ. ಅವನು ನನ್ನ ಕೈ ನೋಡಿದ.

"ಚೀಟಿ ಎಲ್ಲಣ್ಣ? ಏನೂ ಬರ್ಕೊಳ್ಳಲ್ವಾ?"

"ಇಲ್ಲ. ನಾಳೆ ಬೆಳಿಗ್ಗೆ ಶೆಟ್ಟಿಕೆರೆಗೆ ಹೋಗ್ಬೇಕು. ಗಾಳಿ ನೋಡ್ಕೊಡು."

"ಅಷ್ಟು ದೂರ ಇದ್ರಲ್ಲಾ? ಬಸ್ಸೈತಲ್ಲಣ್ಣ."

ಬಸ್ಸಿದೆ. ಆದರೆ ಆ ತಿರುವನ್ನು ನಾನೇ ದಾಟಬೇಕು ಅನ್ನಿಸಿದೆ. ಅವನಿಗೆ ಅದನ್ನು ಹೇಳಲಿಲ್ಲ. ತುಳಿದುಕೊಂಡೇ ಹೋಗುತ್ತೇನೆ ಎಂದೆ. ಅವನು ಬ್ರೇಕು ಬಿಗಿದು, ಚೈನಿಗೆ ಎಣ್ಣೆ ಬಿಟ್ಟು, ಹಿಂದಿನ ಚಕ್ರವನ್ನು ಎರಡು ಸಲ ತಿರುಗಿಸಿ ನೋಡಿ ಕೊಟ್ಟ.

ಆಗಸ್ಟ್ 4, ಭಾನುವಾರ

ಆರಕ್ಕೇ ಹೊರಟೆ. ಮಾವಿನ ತೋಪಿನ ತಿರುವಿನಲ್ಲಿ ಇಳಿಯಲಿಲ್ಲ. ನಿಧಾನವಾಗಿ ತುಳಿದುಕೊಂಡು ದಾಟಿದೆ. ಇಷ್ಟೇನಾ ಅನ್ನಿಸಿತು. ನಿಜಕ್ಕೂ ಅದು ದೊಡ್ಡ ತಿರುವಲ್ಲ. ಮುಂದೆ ನೋಡುತ್ತಿದ್ದರೆ ಯಾರೂ ಅಲ್ಲಿ ಬೀಳುವುದಿಲ್ಲ.

ತಿಪಟೂರು ದಾಟಿದ ಮೇಲೆ ಎದುರುಗಾಳಿ. ಸೈಕಲ್ಲಿನ ಭಾರವೆಲ್ಲ ತೊಡೆಗೆ ಬಂತು. ಎರಡು ಕಡೆ ನಿಂತು ನೀರು ಕುಡಿದೆ. ಶೆಟ್ಟಿಕೆರೆ ಸೇರಿದಾಗ ಶರ್ಟು ಹಿಂಡಿದರೆ ನೀರು ಬರುವಂತಿತ್ತು.

ಭೀಮನ ಅಮಾವಾಸ್ಯೆ ಎಂಬುದು ಅವರ ಮನೆಗೆ ಹೋದ ಮೇಲೆ ನೆನಪಾಯಿತು. ಹೆಂಡತಿಯರು ಗಂಡನ ಪಾದಪೂಜೆ ಮಾಡುವ ದಿನ. ಬಸವರಾಜು ಹಣೆಯಲ್ಲಿ ಕುಂಕುಮ, ಕೈಯಲ್ಲಿ ದಾರ ಕಟ್ಟಿಸಿಕೊಂಡು, ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದರು. ನನ್ನನ್ನೂ ಸೈಕಲ್ಲನ್ನೂ ನೋಡಿ ಎದ್ದು ನಿಂತರು.

"ಇದೇನು ಭಾವ, ಇದ್ರಲ್ಲಿ ಬಂದ್ರಾ? ಬನ್ನಿ ಒಳಿಕ್ಕೆ."

ಒಳಗೆ ಹೋದರೆ ಹೇಳಲು ಆಗುವುದಿಲ್ಲವೆಂದು ಅಂಗಳದಲ್ಲೇ ಹೇಳಿದೆ. ಫೋನು, ಫೋಟೋ, ತಿರುವು. ನಾಯಿ ನನ್ನ ಸುಳ್ಳು, ರಾಧಾಮಣಿ ನನ್ನ ಮರ್ಯಾದೆ ಉಳಿಸಲು ಅದನ್ನು ಹೇಳಿದಳು ಎಂದೆ. ಅವರು ಸುಲಿಯುವ ಕಬ್ಬಿಣಕ್ಕೆ ಕೈ ಆನಿಸಿಕೊಂಡು ಕೇಳಿದರು. ನಾನು ಮುಗಿಸಿದ ಮೇಲೆ ಮತ್ತೊಂದು ಕಾಯಿ ತೆಗೆದುಕೊಂಡು ಸುಲಿದರು. ಸಿಪ್ಪೆ ಪೂರ್ತಿ ಬಿಡಿಸಿ, ಕಾಯಿಯನ್ನು ರಾಶಿಗೆ ಎಸೆದರು.

"ನನ್ ತಂಗಿ ಎಂಟನೇ ಕ್ಲಾಸಲ್ಲಿ ಹೊಲಿಗೆ ಕಲ್ತಿದ್ದು. ಅವಳ ಕೈ ಕಣಯ್ಯಾ ಅದು."

ಇಷ್ಟು ವರ್ಷದಲ್ಲಿ ಅವರು ನನ್ನನ್ನು ಭಾವ ಎನ್ನದೆ ಮಾತಾಡಿದ್ದು ಇದೇ ಮೊದಲು. ಹೌದು ಎಂದೆ.

ರಾಧಾಮಣಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನೀರಿನ ಚೊಂಬು ತಂದು ಜಗಲಿಯ ಮೇಲಿಟ್ಟಳು. ಅತ್ತಿಗೆಯವರು ಊಟಕ್ಕೆ ಕರೆದರು. ಬಸವರಾಜು ನನ್ನ ಪಕ್ಕದಲ್ಲೇ ಕೂತು ಉಂಡರು.

ಹೊರಡುವಾಗ ರಾಧಾಮಣಿ ಬೇಲಿಯವರೆಗೆ ಬಂದಳು. ಬಾ ಎಂದು ನಾನು ಕರೆಯಲಿಲ್ಲ.

"ಪಂಚಮಿಗೆ ಅಣ್ಣನ ಬೆನ್ನಿಗೆ ಹಾಲೆರೀಬೇಕು. ಮುಗಿಸ್ಕೊಂಡು ಬತ್ತೀನಿ" ಎಂದಳು. ಆಮೇಲೆ ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿದಳು. "ಇದ್ಯಾವ್ದು ಕೊನೇಗೆ?"

"ಉಕ್ಕು."

"ಹೂಂ" ಎಂದಳು.

ಆಗಸ್ಟ್ 10, ಶನಿವಾರ

ಬಂದಿದ್ದಾಳೆ. ನಾನು ಅಂಗಡಿಯಿಂದ ಬರುವ ಹೊತ್ತಿಗೆ ಮನೆ ಬಾಗಿಲು ತೆಗೆದಿತ್ತು. ಹೊಲಿಗೆ ಯಂತ್ರದ ಮೇಲಿನ ಬಟ್ಟೆ ತೆಗೆದು, ಧೂಳು ಒರೆಸುತ್ತಿದ್ದಳು. ಎಡಗೈಯಲ್ಲಿ.

ಊಟದ ಹೊತ್ತಿಗೆ, ಮಂಗಳವಾರ ಬೇಕಾದರೆ ಸೈಕಲ್ಲಿನಲ್ಲಿ ಹಿಂದೆ ಕೂರಿಸಿಕೊಂಡು ಹೋಗಲೇ, ಕ್ಯಾರಿಯರ್ ಗಟ್ಟಿಯಿದೆ ಎಂದೆ.

"ಹಿಂದೆ ಕೂರಲ್ಲ. ಇವತ್ತೂ ಕೂರಲ್ಲ, ಮುಂದಕ್ಕೂ ಗೊತ್ತಿಲ್ಲ. ಅದೊಂದ್ ಕೇಳ್ಬೇಡಿ."

ಕೇಳುವುದಿಲ್ಲ ಎಂದೆ. ಅವಳು ಇನ್ನೊಂದು ಸೌಟು ಸಾರು ಬಡಿಸಿದಳು.

ಆಗಸ್ಟ್ 12, ಸೋಮವಾರ

ಪುಟ್ಟಗಂಗಮ್ಮನವರು ಬೀದಿನಾಯಿಗಳನ್ನು ಬೈಯುತ್ತಾ, "ನಿಮ್ಗೂ ಹಿಂಗೇ ಅಲ್ವಾ ಅಡ್ಡ ಬಂದಿದ್ದು" ಎಂದರು. ಇಲ್ಲಮ್ಮಾ, ನಾಯಿ ಬಂದಿರಲಿಲ್ಲ, ನಾನು ಫೋನ್ ನೋಡುತ್ತಿದ್ದೆ ಎಂದೆ. ಅವರು ಬಾಯಿ ಮೇಲೆ ಕೈಯಿಟ್ಟುಕೊಂಡರು. ಒಳಗೆ ಬಂದ ಮೇಲೆ ರಾಧಾಮಣಿ, "ಸಾಕು ಬುಡಿ, ಊರೆಲ್ಲ ಡಂಗುರ ಹೊಡೀಬೇಡಿ" ಎಂದಳು. ನಕ್ಕಳೋ ಏನೋ, ಅತ್ತ ತಿರುಗಿದ್ದಳು.

ಐವತ್ತೈದು ನಿಮಿಷಕ್ಕೆ ಅಂಗಡಿ ಸೇರುತ್ತಿದ್ದೇನೆ. ಮಣಿಕಟ್ಟು ನೋಯುವುದಿಲ್ಲ. ತೊಡೆ ನೋಯುತ್ತದೆ, ಅದು ಬೇರೆ ನೋವು.

ಆಗಸ್ಟ್ 20, ಮಂಗಳವಾರ

ಬೆಳಿಗ್ಗೆ ಹೊರಡುವುದೇ ತಡವಾಯಿತು. ಜಡೆ ಹೆಣೆದು, ಅವಳ ಬೆರಳು ಮಡಿಸಿ, ಕೊಳಾಯಿ ನೀರು ಹಿಡಿದಿಟ್ಟು ಹೊರಡುವಾಗ ಅವಳ ಬಸ್ಸಿನ ಹೊತ್ತೂ ಹತ್ತಿರವಾಗಿತ್ತು. ಅರ್ಧ ದಾರಿಗೆ ಬಂದಿದ್ದೆ. ಮುಂದೆ ಕಾಯಿ ತುಂಬಿದ ಲಾರಿಯೊಂದು ರಸ್ತೆಗೆ ಅಡ್ಡಲಾಗಿ ತೋಟದೊಳಗಿಂದ ಹಿಂದಕ್ಕೆ ಬರುತ್ತಿತ್ತು. ಇಳಿದು ನಿಂತೆ. ಹಿಂದಿನಿಂದ ಬಸ್ಸು ಬಂದು ನನ್ನ ಪಕ್ಕದಲ್ಲೇ ನಿಂತಿತು.

"ರೀ! ಊಟದ ಡಬ್ಬಿ ಮರ್ತು ಬಂದಿದ್ದೀರಿ!"

ತಲೆಯೆತ್ತಿದರೆ ಕಿಟಕಿಯಲ್ಲಿ ರಾಧಾಮಣಿ. ಬಸ್ಸಿನಲ್ಲಿದ್ದವರೆಲ್ಲ ಇತ್ತ ನೋಡಿದರು. ಡಬ್ಬಿಯ ಹಿಡಿ ಹಿಡಿದು ಕಿಟಕಿಯಿಂದ ಕೆಳಗೆ ಇಳಿಬಿಟ್ಟಳು. ಕೈ ಸ್ವಲ್ಪ ನಡುಗುತ್ತಿತ್ತು. ಬೇಗ ಹಿಡ್ಕೊಳ್ರೀ ಎಂದಳು. ಹಿಡಿದುಕೊಂಡೆ. ಲಾರಿ ಸರಿಯಿತು, ಬಸ್ಸು ಹೋಯಿತು. ಡಬ್ಬಿಯನ್ನು ಹ್ಯಾಂಡಲ್ಲಿಗೆ ಸಿಗಿಸಿ ಹತ್ತಿ ಹೊರಟೆ.

ಒಂದು ಫರ್ಲಾಂಗ್ ಹೋದ ಮೇಲೆ ಹೊಳೆಯಿತು. ಬಸ್ಸಿನ ಎಡಗಡೆ ಕಿಟಕಿಯಲ್ಲಿ ಕೂತಿದ್ದವಳು ಮೈ ತಿರುಗಿಸಿ, ಬಾಗಿ ಕೊಟ್ಟಿದ್ದಳು. ಡಬ್ಬಿ ಹಿಡಿದಿದ್ದ ಕೈಯ ಮಣಿಕಟ್ಟಿನಲ್ಲಿ ಹೊಲಿಗೆ ಹಾಕಿದ ಗುರುತು ಇತ್ತು. ಅದು ಬಲಗೈ. ಮೂರು ಅಂತಸ್ತಿನ ತುಂಬಿದ ಡಬ್ಬಿ.

ಸೈಕಲ್ ನಿಲ್ಲಿಸಿ ಇಳಿದೆ. ರಸ್ತೆ ಬದಿಯಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ.

ಅಂಗಡಿಗೆ ಬಂದಾಗ ಮಾಲೀಕರೇ ಬಾಗಿಲು ತೆಗೆದು ಕೂತಿದ್ದರು. ಗಡಿಯಾರ ನೋಡಿ, "ಏನ್ರೀ, ಪಂಕ್ಚರ್ರಾ?" ಎಂದರು.

"ಇಲ್ಲ ಸಾರ್. ದಾರೀಲಿ ಸುಮ್ಮನೆ ನಿಂತಿದ್ದೆ" ಎಂದೆ.